ಫುಕುಶಿಮಾದ ಅಲೆಯೊಂದೇ ಕಾರಣವಲ್ಲ

ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಅಣುವಿದ್ಯುತ್ ವಿರೋಧಿ ಗ್ರೀನ್ ಪಕ್ಷದ ನಾಯಕ ವಿನ್‌ಫ್ರೀಡ್ ಕ್ರೆಚ್‌ಮನ್ ಕುರಿತ ಲೇಖನವೊಂದನ್ನು ಓದಿದೆ. ಅವರು 2011ರಲ್ಲಿ ಮುಖ್ಯಮಂತ್ರಿಯಾದದ್ದು ಜಪಾನಿನ ಫುಕುಶಿಮಾ ಅಣುಸ್ಥಾವರ ದುರಂತ ಎಬ್ಬಿಸಿದ ಜನಾಭಿಪ್ರಾಯದ ಅಲೆಯಿಂದ ಎಂಬ ಅದರ ಲೇಖಕರ ಮಾತನ್ನು ನಾನು ಒಪ್ಪಲಾರೆ. ದುರಂತ ನಡೆದ ಹದಿನಾರನೆಯ ದಿನಕ್ಕೆ ಮತದಾನ ನಡೆದದ್ದು ನಿಜ. ಆದರೆ ಶಾಲಾ ಮೇಷ್ಟರಾಗಿದ್ದ ಕ್ರೆಚ್‌ಮನ್ 1980ರಲ್ಲೇ ಅಲ್ಲಿನ ಶಾಸನಸಭೆ ಪ್ರವೇಶಿಸಿದ್ದರು. ಅಲ್ಲದೆ 2010ರ ಸೆಪ್ಟೆಂಬರ್ 30ರಂದು, ಸ್ಟುಟ್‌ಗಾರ್ಟ್‌ನ ರೈಲು ನಿಲ್ದಾಣ ಯೋಜನೆಗಾಗಿ ಉದ್ಯಾನದ ಹಳೆಯ ಮರಗಳನ್ನು ಕಡಿಯುವುದನ್ನು ತಡೆಯಲು ನಿಂತ ಜನರ ಮೇಲೆ ಪೊಲೀಸರು ಜಲಫಿರಂಗಿ ಪ್ರಯೋಗಿಸಿದಾಗಲೇ, ಅಂದಿನ ಸರ್ಕಾರದ ಮೇಲಿನ ನಂಬಿಕೆ ಕುಸಿಯತೊಡಗಿತ್ತು.

ಇನ್ನೂ ಮುಖ್ಯವಾದದ್ದನ್ನು ಲೇಖನ ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದೆ. ಆ ರೈಲು ನಿಲ್ದಾಣ ಯೋಜನೆಯ ವಿರೋಧಿಯಾಗಿದ್ದ ಕ್ರೆಚ್‌ಮನ್ 2011ರ ನವೆಂಬರ್‌ನ ಜನಮತಗಣನೆಯಲ್ಲಿ ಸೋತಾಗ, ತೀರ್ಪಿಗೆ ತಲೆಬಾಗಿ ಕಾಮಗಾರಿ ಮುಂದುವರಿಯಲು ಬಿಟ್ಟರು. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯನ್ನು ವಿರೋಧಿಸಿ ಮಾನವ ಸರಪಳಿಯಲ್ಲಿ ಅಪರಿಚಿತರ ಕೈಹಿಡಿದು ನಿಂತವಳು ನಾನು. ಮರುವರ್ಷ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ನಗರದವರ ಮತ ಕೇಳಿ, ಬಹುಮತ ಸೇತುವೆಯ ಪರವಾಗಿ ಬಂದಿದ್ದರೆ, ಬಳ್ಳಾರಿ ರಸ್ತೆಯ ಆ ಮರಗಳು ಉರುಳುವುದನ್ನು ನಾನು ಒಪ್ಪಿಕೊಳ್ಳುತ್ತಿದ್ದೆನೇ? ಉತ್ತರ ನನಗೆ ಸುಲಭವಲ್ಲ. ಆದರೆ ಹಾಗೆ ತೀರ್ಪಿಗೆ ತಲೆಬಾಗಿದ ಕ್ರೆಚ್‌ಮನ್ ಅವರ ಪಕ್ಷ, ಕಾರು ಉದ್ಯಮವನ್ನೇ ನೆಚ್ಚಿದ ಬಾಡೆನ್-ವುರ್ಟೆಂಬರ್ಗ್‌ನಲ್ಲಿ 2016ರ ಚುನಾವಣೆಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಹೊತ್ತಿಗೆ ಫುಕುಶಿಮಾ ದುರಂತ ಸಂಭವಿಸಿ ಐದು ವರ್ಷವಾಗಿತ್ತು.