ಮೆಂತೆಯ ವಾಸನೆ ಅಂದುಕೊಂಡಿದ್ದೆವು

ತಂಗಿಯ ಮಗ ಹುಟ್ಟಿ ನಾಲ್ಕು ದಿನ ಆಗಿತ್ತು. ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯಲ್ಲೇ ಬಾಣಂತನ. ಮಗುವಿನ ಬಟ್ಟೆ ತೆಗೆದರೆ ಮೂತ್ರಕ್ಕೆ ಸಕ್ಕರೆ ಕರಟಿದ ಹಾಗೆ ಸಿಹಿ ವಾಸನೆ. "ಬಾಣಂತಿಗೆ ಮೆಂತೆ ಗಂಜಿ ಕೊಡ್ತೇವಲ್ವಾ, ಅದರದ್ದೇ" ಎಂದರು ಅಮ್ಮ. ಹಾಗೆ ಆಗುವುದೂ ಉಂಟು. ಮೆಂತೆಯಲ್ಲೂ, ಮುಂದೆ ನಾನು ಹೇಳುವ ಕಾಯಿಲೆಯ ಮಕ್ಕಳ ಮೂತ್ರದಲ್ಲೂ ಆ ವಾಸನೆ ಕೊಡುವುದು ಸೊಟೊಲೋನ್ ಎಂಬ ಒಂದೇ ವಸ್ತು. ಆದರೆ ನಮ್ಮ ಮಗು ಹಾಲು ಕುಡಿಯುವುದನ್ನೂ ಬಿಟ್ಟಿತ್ತು. ಎಬ್ಬಿಸಿದರೂ ಏಳುತ್ತಿರಲಿಲ್ಲ. ನಿದ್ದೆ ಜಾಸ್ತಿ ಅಂದುಕೊಂಡು ಎರಡು ದಿನ ಕಳೆದೆವು. ಆ ಎರಡು ದಿನ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತಲಪಾಡಿ ದಾಟಿ ಮಂಗಳೂರಿಗೆ ಹೋದ ಮೇಲೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು: ಮೇಪಲ್ ಸಿರಪ್ ಯೂರಿನ್ ಡಿಸೀಸ್, ಅಂದರೆ ಮೂತ್ರಕ್ಕೆ ಮೇಪಲ್ ಮರದ ಸಿಹಿ ಪಾಕದ ವಾಸನೆ ಬರುವ ಕಾಯಿಲೆ. ನಾವು ತಿನ್ನುವ ಪ್ರೊಟೀನಿನಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳಿವೆ. ಅವನ್ನು ದೇಹದೊಳಗೆ ಒಡೆಯುವ ಕಿಣ್ವ ಈ ಮಕ್ಕಳಲ್ಲಿ ಕೆಲಸ ಮಾಡುವುದಿಲ್ಲ. ಲ್ಯೂಸಿನ್ ರಕ್ತದಲ್ಲಿ ಏರಿ ಮಿದುಳು ಊದಿಕೊಳ್ಳುತ್ತದೆ. ಅಪ್ಪ, ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ 4ರಲ್ಲಿ 1 ಸಾಧ್ಯತೆ. "ಬಸುರಿಯಲ್ಲಿ ಏನು ತಿಂದಿದ್ದೆ?" ಎಂದು ತಂಗಿಯನ್ನು ಕೇಳಿದವರು ಎಷ್ಟೋ ಜನ. ದಯವಿಟ್ಟು ಯಾವ ತಾಯಿಯನ್ನೂ ಹಾಗೆ ಕೇಳಬೇಡಿ.

ಈಗ ಅವನಿಗೆ ಐದು ವರ್ಷ. ಆ ಮೂರು ಅಮೈನೋ ಆಮ್ಲ ಇಲ್ಲದ ವಿಶೇಷ ಹಾಲಿನ ಪುಡಿಯೇ ಮುಖ್ಯ ಆಹಾರ. ಅನ್ನ ತೂಕ ಮಾಡಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 7 ಗ್ರಾಂ ಪ್ರೊಟೀನ್, ಉದ್ದಿನಲ್ಲಿ ಸುಮಾರು 24. ಹಾಗಾಗಿ ಉದ್ದಿನ ದೋಸೆ ಇಲ್ಲ. ನಮ್ಮ ಕೂವೆ ಹುಡಿ (ಆರಾರೂಟ್) ಮಾತ್ರ ದೊಡ್ಡ ಉಪಕಾರ ಮಾಡಿದೆ. ಅದರಲ್ಲಿ ಪ್ರೊಟೀನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಲು ಹಾಕದೆ, ನೀರು ಬೆಲ್ಲದಲ್ಲಿ ಮಣ್ಣಿ ಮಾಡಿ ಕೊಟ್ಟರೆ ಬಟ್ಟಲು ನೆಕ್ಕುತ್ತಾನೆ. ಸಾಬಕ್ಕಿಯೂ ಆಗುತ್ತದೆ.

ಊಟಕ್ಕಿಂತ ನನ್ನನ್ನು ಹೆದರಿಸುವುದು ಜ್ವರ. ನಮ್ಮಲ್ಲಿ ಲಂಘನಂ ಪರಮೌಷಧಂ ಅಂತಾರೆ. ಜ್ವರ ಬಂದರೆ ಹೊಟ್ಟೆ ಖಾಲಿ ಬಿಡುವುದು ರೂಢಿ. ಈ ಮಕ್ಕಳಿಗೆ ಆ ಹಸಿವೇ ವಿಷ. ಹೊರಗಿನಿಂದ ಶಕ್ತಿ ಸಿಗದಿದ್ದರೆ ದೇಹ ತನ್ನದೇ ಸ್ನಾಯುಗಳನ್ನು ಕರಗಿಸುತ್ತದೆ. ಅದರಲ್ಲೂ ಲ್ಯೂಸಿನ್ ಇದೆಯಲ್ಲ. ಅನ್ನ ಒಂದಗುಳೂ ತಿನ್ನದೆ ಇದ್ದರೂ ರಕ್ತದಲ್ಲಿ ಅದು ಏರುತ್ತದೆ. ಅಂಥ ದಿನ ಮಾಮೂಲಿ ಪ್ರೊಟೀನ್ ಸ್ವಲ್ಪ ಹೊತ್ತು ನಿಲ್ಲಿಸಿ, ಗ್ಲೂಕೋಸ್ ಮತ್ತು ವಿಶೇಷ ಪುಡಿಯನ್ನು ಡಾಕ್ಟರು ಬರೆದುಕೊಟ್ಟ ಅಳತೆಯಲ್ಲಿ ಕೊಡುತ್ತೇವೆ. ವಾಂತಿ ಶುರುವಾದರೆ ಕಾಯುವುದಿಲ್ಲ, ಡ್ರಿಪ್‌ಗೆ ಹೊರಟೇ ಬಿಡುತ್ತೇವೆ. ಕಳೆದ ಮಳೆಗಾಲದಲ್ಲಿ ನೆಂಟರೊಬ್ಬರು "ಒಂದು ಹೊತ್ತು ಹಸಿದರೆ ಮಗು ಸಾಯ್ತದಾ?" ಎಂದರು. ಹೌದು, ಸಾಯಬಹುದು. ಅದನ್ನು ಹೇಳುವಾಗ ತಂಗಿಯ ಧ್ವನಿ ನಡುಗುತ್ತಿತ್ತು.

ನಮ್ಮೂರಿನ ಇನ್ನೊಂದು ಕಷ್ಟ ಭಾಷೆಯದು. ಜ್ವರ, ವಾಂತಿ ಬಂದಾಗ ಏನು ಮಾಡಬೇಕೆಂದು ಡಾಕ್ಟರು ಬರೆದುಕೊಟ್ಟ ತುರ್ತು ಚೀಟಿ ಇದ್ದದ್ದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಕನ್ನಡ ಮಾತ್ರ. ಹತ್ತಿರದ ಆಸ್ಪತ್ರೆಯ ಸಿಸ್ಟರಿಗೆ ಮಲಯಾಳ. ಡಾಕ್ಟರ ಹತ್ತಿರ ಕೇಳಿ ಮೂರು ಭಾಷೆಯಲ್ಲೂ ಬರೆಸಿ, ಲ್ಯಾಮಿನೇಟ್ ಮಾಡಿಸಿದ್ದೇನೆ. ಒಂದು ಫ್ರಿಜ್ ಮೇಲೆ, ಒಂದು ಅವನ ಬ್ಯಾಗಿನಲ್ಲಿ. ಗಡಿ ಊರಿನಲ್ಲಿ ಇಂಥ ಮಗು ಇರುವ ಎಲ್ಲರೂ ಹೀಗೆ ಮಾಡಿ.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಈ ಕಾಯಿಲೆ ಇದೆ. ಆದರೆ ಆ ನೀತಿಯಡಿ ಕೇರಳದ ಚಿಕಿತ್ಸಾ ಕೇಂದ್ರ ತಿರುವನಂತಪುರದ ಎಸ್‌ಎಟಿ ಆಸ್ಪತ್ರೆ. ಅದು ರಾಜ್ಯದ ಆ ತುದಿ, ನಾವು ಈ ತುದಿ. ನನ್ನ ಕೇಳಿದರೆ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿಯ ರಕ್ತದ ಹನಿಯನ್ನು ಈ ಕಾಯಿಲೆಗೂ ಪರೀಕ್ಷಿಸಬೇಕು. ಹೆರಿಗೆಯ ಆಸ್ಪತ್ರೆಯಲ್ಲಿ ನೀವೇ ಬಾಯಿಬಿಟ್ಟು ಕೇಳಿ. ನಮಗೆ ಆಗ ಕೇಳಬೇಕೆಂದೇ ಗೊತ್ತಿರಲಿಲ್ಲ.

ಬರುವ ತಿಂಗಳು ಮನೆಯಲ್ಲಿ ಪೂಜೆ ಇದೆ. ನೆಂಟರೆಲ್ಲ ಇದನ್ನು ಓದುತ್ತೀರಿ ಅಂತ ಗೊತ್ತು. ಅವನ ಕೈಗೆ ಪ್ರಸಾದ ಹಾಕುವ ಮೊದಲು ತಂಗಿಯನ್ನು ಒಂದು ಮಾತು ಕೇಳಿ. ಅವನಿಗೆಂದೇ ಕೂವೆ ಮಣ್ಣಿ ಬೇರೆ ಮಾಡಿಟ್ಟಿರುತ್ತೇನೆ.