ಗೋಡೆಯ ಮುಂದೆ ನಿಂತವನು

"ನೀವು ತಲುಪಬೇಕಾದ ಸ್ಥಳವನ್ನು ತಲುಪಿದ್ದೀರಿ" ಎಂದು ಮೊಬೈಲ್ ಘೋಷಿಸಿದಾಗ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ಗೋಡೆಯಿತ್ತು. ಪಾಚಿ ಹಿಡಿದ, ಬಣ್ಣ ಕಂಡು ವರ್ಷಗಳಾದ ಗೋಡೆ. ಅದರ ಮೇಲೊಂದು ಬೆಕ್ಕು ಕುಳಿತು, ಇಂಥವರು ದಿನಾ ಬರುತ್ತಾರೆ ಎಂಬ ಮುಖ ಮಾಡಿಕೊಂಡು ನನ್ನನ್ನು ನೋಡುತ್ತಿತ್ತು. ಗೋಡೆಯ ಆಚೆಯಿಂದ ಗೆಳೆಯನ ನಗು, ಪಾತ್ರೆಗಳ ಸದ್ದು ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿದ್ದವು. ಫೋನ್ ಮಾಡಿದೆ.

"ಎಲ್ಲಿದ್ದೀಯೋ?" ಎಂದ.

"ನಕ್ಷೆಯ ಪ್ರಕಾರ ನಿನ್ನ ನಡುಮನೆಯಲ್ಲೇ ಇದ್ದೇನೆ" ಎಂದೆ.

ಬಾಗಿಲು ಇನ್ನೊಂದು ಬೀದಿಯಲ್ಲಿತ್ತು. ಸುತ್ತಿಕೊಂಡು ಹೋಗಲು ಇಪ್ಪತ್ತು ನಿಮಿಷ ಬೇಕಾಯಿತು. ಅದರಲ್ಲಿ ಹತ್ತು ನಿಮಿಷ, ತಿರುಗಿ ಅದೇ ಗೋಡೆಯ ಮುಂದೆಯೇ ಬಂದು ನಿಂತಿದ್ದರ ಖಾತೆಗೆ ಸೇರಬೇಕು.

ದಿಕ್ಕಿನ ಜ್ಞಾನ ನನಗೆ ಹುಟ್ಟಿನಿಂದಲೇ ಇಲ್ಲ. ಲಿಫ್ಟಿನಿಂದ ಹೊರಬಂದರೆ ಎಡಕ್ಕೋ ಬಲಕ್ಕೋ ಎಂಬುದು ಪ್ರತಿಸಲವೂ ಹೊಚ್ಚಹೊಸ ಪ್ರಶ್ನೆ. ಹಾಗಾಗಿ ನನ್ನದೇ ಒಂದು ಸಮಾಧಾನ ಕಂಡುಕೊಂಡಿದ್ದೇನೆ: ನನಗಿಂತ ದೊಡ್ಡವರು, ಅಂದರೆ ನಕ್ಷೆ ಬರೆಯುವವರು, ಗಡಿ ಎಳೆಯುವವರು, ಸರ್ಕಾರಗಳು ಎಡವಿದ್ದರಿಂದ ಹುಟ್ಟಿದ ಜಾಗಗಳ ಕಥೆಗಳನ್ನು ಕೂಡಿಹಾಕುವುದು. ಮನೆಯಲ್ಲಿ ಬೈಸಿಕೊಂಡಾಗಲೆಲ್ಲ ಒಂದೊಂದನ್ನು ಹೊರತೆಗೆಯುತ್ತೇನೆ. ಬೈಗುಳ ಕಡಿಮೆಯಾಗುವುದಿಲ್ಲ, ವಿಷಯ ಬದಲಾಗುತ್ತದೆ.

ಒಮ್ಮೆ ಆನ್‌ಲೈನ್ ಅರ್ಜಿಯೊಂದನ್ನು ತುಂಬುತ್ತಿದ್ದೆ. ಮನೆಯ ಅಕ್ಷಾಂಶ, ರೇಖಾಂಶ ಕೇಳಿತು. ಇಲ್ಲವೆಂದರೆ ಮುಂದಕ್ಕೆ ಬಿಡಲಿಲ್ಲ. ಎರಡೂ ಕಡೆ ಸೊನ್ನೆ ಒತ್ತಿದೆ. "ಇದೇನಾ ನಿಮ್ಮ ಮನೆ?" ಎಂಬ ಪ್ರಶ್ನೆಯೊಂದಿಗೆ ನಕ್ಷೆ ತೆರೆದುಕೊಂಡಿತು. ಪರದೆಯ ತುಂಬ ನೀಲಿ, ನಡುವೆ ಒಂದು ಕೆಂಪು ಗುರುತು. ಹಿಂದಿನಿಂದ ಇಣುಕಿದ ಹೆಂಡತಿ, "ರೀ, ನಾವು ಯಾವಾಗ ಸಮುದ್ರಕ್ಕೆ ಬಿದ್ದದ್ದು?" ಎಂದಳು.

ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ, ಸಮಭಾಜಕ ವೃತ್ತವೂ ಸೊನ್ನೆ ರೇಖಾಂಶವೂ ಅಡ್ಡಹಾಯುವ ಬಿಂದು ಅದು. ನೆಲ ಎಂಬುದೇ ಅಲ್ಲಿಲ್ಲ. ಹವಾಮಾನ ಅಳೆಯುವ ಉಪಕರಣ ಹೊತ್ತ ತೇಲುಬುರುಡೆಯೊಂದನ್ನು ಅಲ್ಲಿ ಲಂಗರು ಹಾಕಿ ನಿಲ್ಲಿಸಿದ್ದುಂಟು. ಆದರೂ ಕಂಪ್ಯೂಟರುಗಳ ಲೆಕ್ಕದಲ್ಲಿ ಅದು ಜನನಿಬಿಡ ಪ್ರದೇಶ. ವಿಳಾಸ ಅರ್ಥವಾಗದಿದ್ದರೆ, ಅಂಕಿ ಬಿಟ್ಟುಹೋದರೆ, ಎಷ್ಟೋ ತಂತ್ರಾಂಶಗಳು ಮನುಷ್ಯರನ್ನೂ ಫೋಟೊಗಳನ್ನೂ ನೇರವಾಗಿ ಅಲ್ಲಿಗೆ ಸಾಗಹಾಕುತ್ತವೆ. ನಕ್ಷೆಯವರು ಇದಕ್ಕೆ ನಲ್ ಐಲ್ಯಾಂಡ್, ಅಂದರೆ ಶೂನ್ಯ ದ್ವೀಪ, ಎಂದು ಹೆಸರಿಟ್ಟರು. 'ನ್ಯಾಚುರಲ್ ಅರ್ಥ್' ಎಂಬ ಉಚಿತ ನಕ್ಷೆಯ ದತ್ತಾಂಶದಲ್ಲಿ, ಇಂಥ ತಪ್ಪು ಹಿಡಿಯಲು ಅನುಕೂಲವಾಗಲೆಂದು ಅಲ್ಲೊಂದು ಸುಳ್ಳು ದ್ವೀಪವನ್ನೇ ಬರೆದಿಟ್ಟಿದ್ದಾರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ನಾನೂ ನನ್ನಂಥ ಅಸಂಖ್ಯಾತರೂ ಅದರ ಮೇಲೆ ಒಂಟಿಕಾಲಿನಲ್ಲಿ ಒತ್ತಿಕೊಂಡು ನಿಂತಿದ್ದೇವೆ ಎಂದು ನೆನೆದರೆ ಅದೊಂಥರಾ ಬಾಂಧವ್ಯ.

ಶೂನ್ಯ ದ್ವೀಪದವರು ತಿಳಿದೇ ಸುಳ್ಳು ಬರೆದರು. ಸ್ಯಾಂಡಿ ದ್ವೀಪದ್ದು ಹಾಗಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂ ಕ್ಯಾಲೆಡೋನಿಯಾ ನಡುವಿನ ಕಡಲಿನಲ್ಲಿ ಅದು ದಶಕಗಳ ಕಾಲ ನಕ್ಷೆಗಳಲ್ಲಿ ಹಾಯಾಗಿ ಬಿದ್ದುಕೊಂಡಿತ್ತು. 1876ರಲ್ಲಿ ವೆಲಾಸಿಟಿ ಎಂಬ ಹಡಗಿನವರು ಆ ಕಡೆ ಮರಳ ದ್ವೀಪಗಳಿವೆ ಎಂದು ವರದಿ ಮಾಡಿದ್ದರು. ಜ್ವಾಲಾಮುಖಿ ಉಗುಳಿದ ಹಗುರ ಕಲ್ಲುಗಳು ರಾಶಿಯಾಗಿ ತೇಲುತ್ತಿದ್ದುದನ್ನು ನೋಡಿರಬಹುದು ಎಂಬ ಊಹೆಯೊಂದಿದೆ. 2012ರಲ್ಲಿ ಆಸ್ಟ್ರೇಲಿಯಾದ ಸಂಶೋಧನಾ ಹಡಗೊಂದು ಅಲ್ಲಿಗೇ ಹೋಯಿತು. ದ್ವೀಪ ಇರಬೇಕಾದಲ್ಲಿ ನೀರಿತ್ತು, ಅದೂ ಸಾವಿರ ಮೀಟರಿಗೂ ಹೆಚ್ಚು ಆಳ. ಆ ಹಡಗಿನ ವಿಜ್ಞಾನಿಗಳ ಬಗ್ಗೆ ನನಗೆ ಹೊಟ್ಟೆಕಿಚ್ಚು. ಹುಡುಕಿಕೊಂಡು ಹೋದ ಜಾಗ ಸಿಗದಿದ್ದುದಕ್ಕೆ ಅವರು ಜಗತ್ತಿನಾದ್ಯಂತ ಸುದ್ದಿಯಾದರು. ನಾನು ಅದನ್ನೇ ವಾರಕ್ಕೆರಡು ಸಲ ಮಾಡುತ್ತೇನೆ.

ಇಷ್ಟೆಲ್ಲದರಲ್ಲಿ ನನಗೆ ತೀರ ಪ್ರಿಯವಾದದ್ದು ಬಾಲ್ಟಿಕ್ ಸಮುದ್ರದ ಮಾರ್ಕೆಟ್ ಎಂಬ ಬಂಡೆ. ಹೆಸರು ಕೇಳಿ ಚೀಲ ಹಿಡಿದು ಹೊರಡಬೇಡಿ, ಅಲ್ಲಿ ಕೊಳ್ಳಲು ಏನೂ ಇಲ್ಲ. ಈ ಪುಟ್ಟ ಬಂಡೆಯ ನಡುವೆ ಸ್ವೀಡನ್ ಮತ್ತು ಫಿನ್ಲೆಂಡ್ ಗಡಿ ಹಾದುಹೋಗುತ್ತದೆ. 1885ರಲ್ಲಿ, ಫಿನ್ಲೆಂಡ್ ರಷ್ಯಾದ ಕೈಯಲ್ಲಿದ್ದಾಗ, ಆ ಕಡೆಯವರು ಇಲ್ಲೊಂದು ದೀಪಸ್ತಂಭ ಕಟ್ಟಿದರು. ಎತ್ತರದ ಜಾಗ ನೋಡಿ ಕಟ್ಟಿದರು. ಆ ಎತ್ತರದ ಜಾಗ ಸ್ವೀಡನ್ನಿನ ಪಾಲಿನದಾಗಿತ್ತು! ದೀಪ ಮಾತ್ರ ತನ್ನ ಪಾಡಿಗೆ ಉರಿಯಿತು. ಸರಿಯಾಗಿ ನೂರು ವರ್ಷಗಳ ಮೇಲೆ, 1985ರಲ್ಲಿ, ಎರಡೂ ದೇಶಗಳು ಕುಳಿತು ಇದನ್ನು ಬಗೆಹರಿಸಿದವು. ದೀಪಸ್ತಂಭವನ್ನು ಕದಲಿಸಲಿಲ್ಲ, ಗಡಿಯನ್ನು ಕದಲಿಸಿದರು. ಆದರೆ ಯಾರ ನೆಲವೂ ಕಡಿಮೆಯಾಗಬಾರದು, ಮೀನುಗಾರಿಕೆಯ ಹಕ್ಕಿಗೆ ತೊಂದರೆಯಾಗದಂತೆ ದಡದ ಪಾಲೂ ಹಾಗೆಯೇ ಇರಬೇಕು. ಹೀಗಾಗಿ ನೆಟ್ಟಗಿದ್ದ ಗೆರೆ ಈಗ ಹಾವಿನಂತೆ ಅತ್ತ ಹೊರಳಿ, ಇತ್ತ ಹೊರಳಿ, ದೀಪಸ್ತಂಭವನ್ನು ತಬ್ಬಿಕೊಂಡು ಹೊರಗೆ ಬರುತ್ತದೆ.

ಈ ಕಥೆ ನನಗೆ ಒದಗಿದ್ದು ಶೆಲ್ಫ್ ಹೊಡೆದ ದಿನ. ಡ್ರಿಲ್ ಹಿಡಿದು ಗೋಡೆಗೆ ಆರು ತೂತು ಕೊರೆದು, ಅವುಗಳಲ್ಲಿ ಉಪಯೋಗಕ್ಕೆ ಬಂದ ನಾಲ್ಕರಲ್ಲಿ ಸ್ಕ್ರೂ ತಿರುಗಿಸಿ, ಪುಸ್ತಕ ಜೋಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದೆ. ಹೆಂಡತಿ ಬಂದು ಪಕ್ಕದ ಬೀರುವಿನ ಬಾಗಿಲು ಎಳೆದಳು. ಅದು ಒಂದು ಗೇಣು ತೆರೆದು, ಶೆಲ್ಫಿಗೆ ಟಕ್ಕೆಂದು ತಾಗಿ ನಿಂತಿತು. ಇನ್ನೊಮ್ಮೆ ಎಳೆದಳು. ಟಕ್. ಮೂರನೆಯ ಟಕ್ಕಿಗೆ ಮೊದಲೇ ನಾನು ಕಾಗದ, ಪೆನ್ಸಿಲ್ ತಂದು ಮಾರ್ಕೆಟ್ ಬಂಡೆಯ ನಕ್ಷೆ ಬರೆದು ತೋರಿಸಲು ಶುರುಮಾಡಿದ್ದೆ. ಎರಡು ಸಾರ್ವಭೌಮ ರಾಷ್ಟ್ರಗಳೇ ಕಟ್ಟಿದ್ದನ್ನು ಕೀಳಲಿಲ್ಲ ಎಂದು ವಿವರಿಸಿದೆ. ಅವಳು ಶಾಂತವಾಗಿ ಕೇಳಿ, "ಅವರಿಗೆ ನೂರು ವರ್ಷ ಇತ್ತು, ನನಗೆ ಈಗ ಸೀರೆ ಬೇಕು" ಎಂದಳು. ಕೊನೆಗೆ ಬೀರುವಿನ ಬಾಗಿಲನ್ನೇ ಕಳಚಿ ಮಂಚದ ಕೆಳಗೆ ತಳ್ಳಿದೆವು. ಶೆಲ್ಫ್ ಇದ್ದಲ್ಲೇ ಇದೆ, ಸ್ವಲ್ಪ ಎಡಕ್ಕೆ ವಾಲಿಕೊಂಡು.

ಬಾಗಿಲಿನ ಮಹತ್ವ ಚೆನ್ನಾಗಿ ತಿಳಿದವರೆಂದರೆ ಬಾರ್ಲೆಯವರು. ನೆದರ್ಲೆಂಡ್ಸ್ ಒಳಗೆ ಬೆಲ್ಜಿಯಂನ 22 ತುಣುಕುಗಳು ಚೆಲ್ಲಿಕೊಂಡಿರುವ ಪಟ್ಟಣ ಅದು. ಆ ತುಣುಕುಗಳ ಹೊಟ್ಟೆಯೊಳಗೆ ಮತ್ತೆ ನೆದರ್ಲೆಂಡ್ಸಿನ ತುಣುಕುಗಳಿವೆ. ಮಧ್ಯಯುಗದಲ್ಲಿ ಒಬ್ಬ ಡ್ಯೂಕನೂ ಒಬ್ಬ ಜಮೀನ್ದಾರನೂ ಹೊಲಗದ್ದೆ ಹಂಚಿಕೊಂಡದ್ದರ ಫಲ. ಗಡಿರೇಖೆ ಮನೆಗಳ ಒಳಗೇ ಹಾಯುತ್ತದೆ. ಮನೆ ಯಾವ ದೇಶದ್ದು ಎಂಬುದನ್ನು ನಿರ್ಧರಿಸುವುದು ಮುಂಬಾಗಿಲು: ಅದು ಯಾವ ದೇಶದಲ್ಲಿ ತೆರೆದುಕೊಳ್ಳುತ್ತದೋ ಆ ದೇಶದ ವಿಳಾಸ. 2020ರಲ್ಲಿ ಸೋಂಕಿನ ಕಾರಣಕ್ಕೆ ಬೆಲ್ಜಿಯಂ ಅಂಗಡಿ ಮುಚ್ಚಿಸಿದಾಗ, ಗಡಿಯ ಮೇಲೆಯೇ ಇದ್ದ ಒಂದು ಬಟ್ಟೆ ಅಂಗಡಿಯವರು ನಡುವೆ ಪಟ್ಟಿ ಕಟ್ಟಿ ಅರ್ಧ ಅಂಗಡಿ ಮುಚ್ಚಿ, ಇನ್ನರ್ಧದಲ್ಲಿ ವ್ಯಾಪಾರ ನಡೆಸಿದರು. ನನ್ನ ಗೆಳೆಯ ಬಾರ್ಲೆಯಲ್ಲಿದ್ದಿದ್ದರೆ ನಾನು ಗೋಡೆಯ ಮುಂದಲ್ಲ, ಬೇರೆ ದೇಶದಲ್ಲೇ ನಿಂತಿರುತ್ತಿದ್ದೆನೇನೋ.

ದಾರಿ ತಪ್ಪುವವನಿಗೆ ದಿನವೂ ತಪ್ಪುತ್ತದೆ. ಮದುವೆಯ ವಾರ್ಷಿಕೋತ್ಸವವನ್ನು ಮರೆತ ಸಂಜೆ ನಾನು ಸಮೋವಾ ದೇಶದ ಪ್ರಸ್ತಾಪ ಎತ್ತಿದೆ. ಅಲ್ಲಿ 2011ರ ಡಿಸೆಂಬರ್ 30 ಬರಲೇ ಇಲ್ಲ. ಗುರುವಾರ ರಾತ್ರಿ ಮಲಗಿದವರು ಶನಿವಾರ ಎದ್ದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆಗಿನ ವ್ಯಾಪಾರಕ್ಕೆ ಅನುಕೂಲವಾಗಲೆಂದು ದಿನಾಂಕ ರೇಖೆಯ, ಅಂದರೆ ದಾಟಿದರೆ ತಾರೀಖೇ ಬದಲಾಗುವ ಗೆರೆಯ, ಇನ್ನೊಂದು ಬದಿಗೆ ಜಿಗಿದಿದ್ದರು. "ಹಾಗಾದರೆ ಅಲ್ಲಿನವರು ಇದ್ದ ದಿನವನ್ನೇ ಕಳೆದುಕೊಂಡರೇ?" ಎಂದು ಅವಳು ಕೇಳಿದಳು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. 1892ರಲ್ಲಿ ಅದೇ ದೇಶ ಅಮೆರಿಕದ ಕಡೆಗೆ ಸರಿದಾಗ ಜುಲೈ 4 ಎರಡು ಸಲ ಬಂದಿತ್ತು ಎಂದೂ ಹೇಳಿಬಿಟ್ಟೆ. "ಸರಿ, ನೀವೂ ಎರಡು ಸಲ ಉಡುಗೊರೆ ಕೊಡಿ" ಎಂದಳು.

ಗೋಡೆಯ ಕಥೆಗೆ ಮರಳುವ ಮೊದಲು ಇನ್ನೊಂದೇ ಒಂದು ಊರು. 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ನಕ್ಷೆ ಬರೆದ ಕಂಪನಿಯೊಂದರ ಇಬ್ಬರು, ತಮ್ಮ ಹೆಸರುಗಳ ಮೊದಲಕ್ಷರಗಳನ್ನು ಕಲಸಿ 'ಆಗ್ಲೋ' ಎಂಬ ಊರನ್ನು ಸೃಷ್ಟಿಸಿ, ನಿರ್ಜನವಾದ ಮಣ್ಣುರಸ್ತೆಗಳ ಕೂಡುವಿಕೆಯಲ್ಲಿ ಇಟ್ಟರು. ಯಾರಾದರೂ ತಮ್ಮ ನಕ್ಷೆ ನಕಲು ಮಾಡಿದರೆ ಸಿಕ್ಕಿಬೀಳಲಿ ಎಂಬ ಉಪಾಯ. ಮುಂದೊಂದು ದಿನ ಇನ್ನೊಂದು ಕಂಪನಿಯ ನಕ್ಷೆಯಲ್ಲಿ ಆಗ್ಲೋ ಕಾಣಿಸಿಕೊಂಡಿತು. ಕಳ್ಳ ಸಿಕ್ಕ ಎಂದುಕೊಂಡರೆ, ಅವರು ಊರು ನಿಜವಾಗಿಯೂ ಇದೆಯೆಂದು ವಾದಿಸಿದರು. ಇತ್ತು ಕೂಡ! ನಕ್ಷೆಯಲ್ಲಿ ಹೆಸರು ನೋಡಿದ ಯಾರೋ ಅಲ್ಲಿ 'ಆಗ್ಲೋ ಜನರಲ್ ಸ್ಟೋರ್' ಎಂದು ಅಂಗಡಿ ತೆರೆದಿದ್ದರು.

ಮೊನ್ನೆ ಮತ್ತೆ ಗೆಳೆಯನ ಮನೆಗೆ ಹೊರಟೆ. ಮೊಬೈಲ್ ಮತ್ತೆ ಗೋಡೆಯ ಮುಂದೆ ತಂದು ನಿಲ್ಲಿಸಿತು. ಆದರೆ ಈ ಬಾರಿ ನಾನು ಒಬ್ಬನೇ ಇರಲಿಲ್ಲ. ಇಬ್ಬರು ಕೊರಿಯರ್ ಹುಡುಗರಿದ್ದರು, ಒಬ್ಬ ಪ್ಲಂಬರ್ ಇದ್ದ. ಕೂರಲು ಯಾರೋ ಕಲ್ಲುಚಪ್ಪಡಿ ಹಾಕಿದ್ದರು. ಗೋಡೆಯ ಮೇಲಿನಿಂದ ಒಂದು ಹಗ್ಗ ಇಳಿಬಿದ್ದಿತ್ತು, ತುದಿಯಲ್ಲಿ ಪ್ಲಾಸ್ಟಿಕ್ ಬಕೆಟ್, ಪಕ್ಕದಲ್ಲಿ ಒಂದು ಗಂಟೆ. ಪ್ಲಂಬರ್ ಗಂಟೆ ಬಾರಿಸಿದ. ಆಚೆಯಿಂದ ಗೆಳೆಯನ ತಲೆ ಮೇಲಕ್ಕೆ ಬಂತು, ಏಣಿ ಹತ್ತಿದ್ದನೆಂದು ಕಾಣುತ್ತದೆ.

"ಬಂದೆಯಾ? ಚೀಟಿ ತೆಗೆದುಕೊಂಡು ಕೂತಿರು, ನಿನ್ನದು ನಾಲ್ಕನೆಯ ಸರದಿ" ಎಂದ.

ಬೆಕ್ಕು ಸ್ವಲ್ಪ ಸರಿದು ನನಗೆ ಜಾಗ ಬಿಟ್ಟಿತು.