ಬಿರುಕಿಗೆ ಪುಟ್ಟಿ ಮದ್ದಾ?

ಪಕ್ಕದ ಸೈಟಿನಲ್ಲಿ ಪಾಯ ಅಗೆದ ಮೇಲೆ ನಮ್ಮ ಮನೆ ಗೋಡೆ ಬಿರುಕು ಬಿಟ್ಟಿದೆ. ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿದೆ, 1 ರೂಪಾಯಿ ನಾಣ್ಯ ತೂರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲಿ ಅಂತ 2 ತಿಂಗಳಿಂದ ಫೋನ್ ಮಾಡುತ್ತಿದ್ದೇನೆ. ‘ನಾಳೆ ಬರ್ತೀನಿ ಸಾರ್’ ಅಂದವರು ಬರಲೇ ಇಲ್ಲ. ಕೊನೆಗೆ ಒಬ್ಬರು ಬಂದರು. ಐದು ನಿಮಿಷ ಸುಮ್ನೆ ನಿಂತು, ‘ಪುಟ್ಟಿ ಹಾಕಿಸಿ, ಪೇಂಟ್ ಹೊಡೆಸಿ’ ಅಂದರು. ಗೋಡೆ ತಟ್ಟಿ ನೋಡಲಿಲ್ಲ, ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡುವ ರೀಬೌಂಡ್ ಹ್ಯಾಮರ್ ತಂದಿರಲಿಲ್ಲ, ತಾರಸಿ ಹತ್ತಲಿಲ್ಲ. ರಿಪೋರ್ಟ್ ಅಂತೂ ಇಲ್ಲವೇ ಇಲ್ಲ.

ಅಡುಗೆಮನೆ ಸೀಲಿಂಗ್‌ನಲ್ಲಿ ಗಾರೆ ಉದುರಿ ಕಂಬಿ ಕಾಣುತ್ತಿದೆ ಅಂದೆ. ತಲೆಯೆತ್ತಿ ನೋಡಲಿಲ್ಲ. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನೇ ಸೀಳುತ್ತದೆ. ಮೇಲೆ ಪುಟ್ಟಿ ಬಳಿದರೆ ಅದು ನಿಲ್ಲುತ್ತಾ? ಅದರ ಕೆಳಗೇ ನಿಂತು ಅಮ್ಮ ದಿನಾ ಅಡುಗೆ ಮಾಡುತ್ತಾರೆ.